ಮರ ಕತ್ತರಿಸಿದ ಹಳೆಯ ತ್ರೀ ನಾಟ್ ತ್ರೀ: ಮತ್ತೆ ಮಿಲಿಟರಿ ರೂಪಕ್ಕೆ ತರಬೇಕಾ, ಹಾಗೇ ಬಿಡಬೇಕಾ?

ಸಕಲೇಶಪುರದವನು (ಶುಕ್ರವಾರ ರಾತ್ರಿ)

ಎಲ್ಲರಿಗೂ ನಮಸ್ಕಾರ. ನಾನು ಹದಿನೇಳು ವರ್ಷದಿಂದ ಕೆನಡಾದ ಒಂಟಾರಿಯೊದಲ್ಲಿ, ಪೀಟರ್‌ಬರೋ ಊರಿನ ಹೊರಗೆ ಇದ್ದೇನೆ. ಪಕ್ಕದ ಜಮೀನಿನ ಹಿರಿಯರೊಬ್ಬರ ಜೊತೆ ಪ್ರತಿ ನವೆಂಬರ್ ಜಿಂಕೆ ಬೇಟೆಗೆ ಹೋಗುತ್ತಿದ್ದೆ. ಅವರಿಗೆ ಈಗ 83. ಮಂಡಿ ಸೋತಿದೆ, ಕಣ್ಣು ಮಂಜಾಗಿದೆ. ಹೋದ ತಿಂಗಳು ಮನೆಗೆ ಕರೆದು ತಮ್ಮ ಕೋವಿಯನ್ನು ನನ್ನ ಕೈಗೆ ಕೊಟ್ಟರು. ಇಬ್ಬರಿಗೂ ಲೈಸೆನ್ಸ್ ಇದೆ. ವರ್ಗಾವಣೆಗೆ ಸರ್ಕಾರ ಕೊಡುವ ರೆಫರೆನ್ಸ್ ನಂಬರ್ ತೆಗೆದುಕೊಂಡ ಮೇಲೇ ಕೋವಿ ಕೈ ಬದಲಾಗಿದ್ದು.

ಅದು ಲೀ-ಎನ್‌ಫೀಲ್ಡ್, ಬ್ರಿಟಿಷರ ಕಾಲದ ಮಿಲಿಟರಿ ರೈಫಲ್, ನಮ್ಮೂರ ಮಾತಿನಲ್ಲಿ ತ್ರೀ ನಾಟ್ ತ್ರೀ. ಎಡಪಕ್ಕದ ಉಕ್ಕಿನ ಮೇಲೆ ‘ನಂ. 4 ಮಾರ್ಕ್ 1*, ಲಾಂಗ್ ಬ್ರಾಂಚ್, 1943’ ಅಂತ ಕೆತ್ತಿದೆ. ಯುದ್ಧ ಮುಗಿದ ಮೇಲೆ ಅವರ ಅಪ್ಪ ಕಡಿಮೆ ಬೆಲೆಗೆ ಕೊಂಡು, ಬೇಟೆಗೆ ಹಗುರವಾಗಲಿ ಅಂತ ಮುಂದಿನ ಮರವನ್ನು ಅರ್ಧಕ್ಕೆ ಕತ್ತರಿಸಿದ್ದಾರೆ. ನಳಿಗೆಯ ಮೇಲೆ ಮುಚ್ಚುವ ಮರದ ತುಂಡುಗಳೂ ಇಲ್ಲ. ಕತ್ತರಿಸಿದ ಜಾಗ ನೇರವಾಗಿಲ್ಲ, ಎಡಕ್ಕೆ ವಾಲಿದೆ. ತುದಿಯನ್ನು ಅರದಿಂದ ಉಜ್ಜಿ ಗುಂಡಗೆ ಮಾಡಿದ್ದಾರೆ. ಎಣ್ಣೆ ಒರೆಸಿ ಬೆಳಕಿಗೆ ಹಿಡಿದರೆ ಅರದ ಗೀರುಗಳು ಇವತ್ತಿಗೂ ಕಾಣುತ್ತವೆ.

ಮುಂದೇನು ಅಂತ ಮೂರು ವಾರದಿಂದ ಯೋಚಿಸುತ್ತಿದ್ದೇನೆ. ಹಳೆಯ ಮರ ಹುಡುಕಿ ಸಿಪಾಯಿ ಹಿಡಿದಿದ್ದ ಹಾಗೇ ಮಾಡಲಾ? ಇಲ್ಲ, ಹೇಗೂ ಕತ್ತರಿಸಿಯಾಗಿದೆ, ದೂರದರ್ಶಕ ಹಾಕಿಸಿ ಈಗಿನ ಬೇಟೆ ಕೋವಿ ಮಾಡಿಕೊಳ್ಳಲಾ? ಅಥವಾ ಸುಮ್ನೆ ಹಾಗೇ ಬಿಡಲಾ? ಒಂದು ಸಲ ಕೈ ಹಾಕಿದರೆ ಹಿಂದಕ್ಕೆ ಬರೋಕೆ ಆಗಲ್ಲ ಅನ್ನೋ ಭಯ ಇದೆ. ತಿಳಿದವರು ಹೇಳಿ.

ಪ್ರೇರಿ ಗಾಳಿ (ಶುಕ್ರವಾರ ರಾತ್ರಿ)

ನಾನು ಸಸ್ಕಾಚೆವಾನ್‌ನಲ್ಲಿದ್ದೇನೆ. ಬೇಟೆಗೆ ಬಳಸುವವನಾಗಿ ಹೇಳುತ್ತೇನೆ. ಕತ್ತರಿಸಿದ ಎನ್‌ಫೀಲ್ಡ್ ಈ ದೇಶದಲ್ಲಿ ಮನೆಮನೆಯಲ್ಲೂ ಇತ್ತು. ಅಪರೂಪದ್ದಲ್ಲ. ಮೇಲೆ ನಾಲ್ಕು ತೂತು ಕೊರೆಸಿ ದೂರದರ್ಶಕ ಕೂರಿಸಿ. ಮಳೆ, ಹಿಮಕ್ಕೆ ಉಬ್ಬದ ಪ್ಲಾಸ್ಟಿಕ್ ಹಿಡಿ ಹಾಕಿ. ಇನ್ನೂ ಮೂವತ್ತು ವರ್ಷ ಜಿಂಕೆ, ಮೂಸ್ ಎರಡಕ್ಕೂ ಆಗುತ್ತದೆ. ಬೇಟೆಯಲ್ಲಿ ಗುರಿ ತಪ್ಪಿ ಪ್ರಾಣಿ ಗಾಯಗೊಂಡು ಓಡಿದರೆ ಅದಕ್ಕಿಂತ ದೊಡ್ಡ ತಪ್ಪಿಲ್ಲ. ಚೆನ್ನಾಗಿ ಕಾಣಿಸಬೇಕು, ಅದು ಮೊದಲು. ಇತಿಹಾಸ ಆಮೇಲೆ.

ಹಳೇ ಉಕ್ಕು (ಶನಿವಾರ ಬೆಳಿಗ್ಗೆ)

ಸಕಲೇಶಪುರದವರೇ, ದಯವಿಟ್ಟು ಇವತ್ತು ಏನೂ ಕೊರೆಸಬೇಡಿ. ನಾನು ಎಡ್ಮಂಟನ್‌ನಲ್ಲಿ ಇಪ್ಪತ್ತು ವರ್ಷದಿಂದ ಇಂಥವನ್ನು ಕೂಡಿಡುತ್ತಿದ್ದೇನೆ. ಮರ ಕತ್ತರಿಸಿದರೆ ಬೇರೆ ಮರ ಸಿಗುತ್ತದೆ. ಉಕ್ಕು ಕೊರೆದರೆ ಕೊರೆದಂತೆಯೇ. ಮೊದಲು ಇವನ್ನು ನೋಡಿ ಹೇಳಿ.

ನಳಿಗೆ ಕತ್ತರಿಸಿದ್ದಾರಾ? ಕೋವಿ ಖಾಲಿ ಇದೆ ಅಂತ ಎರಡು ಸಲ ನೋಡಿಕೊಳ್ಳಿ. ಬೋಲ್ಟ್ (ತೋಟೆಯನ್ನು ಒಳಗೆ ತಳ್ಳಿ ಹಿಂದಿನಿಂದ ಮುಚ್ಚುವ ಉಕ್ಕಿನ ಅಗುಳಿ) ಮುಚ್ಚಿ, ಮೂತಿಯಿಂದ ಶುಚಿ ಮಾಡುವ ಕಡ್ಡಿ ಇಳಿಸಿ. ಬೋಲ್ಟಿಗೆ ತಾಗಿದಾಗ ಮೂತಿಯ ಮಟ್ಟಕ್ಕೆ ಗುರುತು ಹಾಕಿ ಅಳೆಯಿರಿ. ನಂಬರ್ 4ರ ನಳಿಗೆ 25.2 ಇಂಚು. ಮೂತಿಯ ಹತ್ತಿರ ಬಯೊನೆಟ್ ಸಿಕ್ಕಿಸೋಕೆ ಎರಡು ಸಣ್ಣ ಉಬ್ಬುಗಳಿರಬೇಕು. ಅವನ್ನು ಅರದಲ್ಲಿ ತೆಗೆದಿದ್ದಾರಾ ನೋಡಿ. ಮೇಲಿನ ಉಕ್ಕಿನಲ್ಲಿ ಈಗಾಗಲೇ ತೂತುಗಳಿವೆಯಾ? ಬೋಲ್ಟಿನ ಹಿಡಿ ಹಿಂದೆ ಒಂದು ನಂಬರ್ ಇರುತ್ತದೆ. ಅದೂ ಕೋವಿಯ ನಂಬರೂ ಒಂದೇನಾ?

ಮಾರ್ಕ್ 1* ಅಂದಿರಲ್ಲ, ಇದನ್ನೂ ನೋಡಲೇಬೇಕು. ಬೋಲ್ಟಿನ ತಲೆ ಒಂದು ಹಳಿಯ ಮೇಲೆ ಓಡುತ್ತದೆ. ಯುದ್ಧದ ಹೊತ್ತಿನಲ್ಲಿ ಬೇಗ ಮಾಡಬೇಕಿತ್ತು. ಬೋಲ್ಟ್ ಬಿಡಿಸೋಕೆ ಮೊದಲಿದ್ದ ಒತ್ತುಗುಂಡಿಯನ್ನು ತೆಗೆದು, ಆ ಹಳಿಯಲ್ಲೇ ಒಂದು ಕಚ್ಚು ಕೊಯ್ದರು. ಆ ಕಚ್ಚಿನ ಅಂಚು ಸವೆದು ಒಡೆದಿದ್ದರೆ ಬೋಲ್ಟ್ ಎಳೆಯುವಾಗ ತಲೆ ಹಳಿಯಿಂದ ಮೇಲಕ್ಕೆ ಹಾರುತ್ತದೆ. ಅಂಚು ಚೂಪಾಗಿ ಸರಿ ಇದ್ದರೆ ಅದೃಷ್ಟ.

ಕೆಡೆಟ್ ಧಾರವಾಡ (ಶನಿವಾರ ಬೆಳಿಗ್ಗೆ)

ತ್ರೀ ನಾಟ್ ತ್ರೀ ಅಂತ ನೋಡಿ ಕೈ ತಡೆಯಲಿಲ್ಲ. 1984ರಲ್ಲಿ ಧಾರವಾಡದಲ್ಲಿ ಎನ್‌ಸಿಸಿ ಪರೇಡಿಗೆ ನಮಗೆ ಇದನ್ನೇ ಕೊಡುತ್ತಿದ್ದರು. ಖಾಲಿ ಕೋವಿಯೇ ನಾಲ್ಕು ಕಿಲೋ. ಬೇಸಿಗೆಯಲ್ಲಿ ಹೆಗಲ ಮೂಳೆಯ ಮೇಲೆ ಅದರ ಗುರುತು ಕೂರುತ್ತಿತ್ತು.

ಒಂದು ವ್ಯತ್ಯಾಸ ಹೇಳುತ್ತೇನೆ. ನಮ್ಮಲ್ಲಿ ಇದ್ದಿದ್ದು ನಂಬರ್ 1 ಮಾರ್ಕ್ 3. ಅದರ ಮೂತಿಗೆ ಕಬ್ಬಿಣದ ಮುಸುಡು ಇರುತ್ತದೆ, ನಳಿಗೆ ಹೊರಗೆ ಕಾಣುವುದೇ ಇಲ್ಲ. ಬಂಗಾಳದ ಇಶಾಪುರದ ಕಾರ್ಖಾನೆ ಅದನ್ನೇ ಮಾಡುತ್ತಿತ್ತು, ನಂಬರ್ 4 ಮಾಡಲೇ ಇಲ್ಲ. ನಿಮ್ಮದರಲ್ಲಿ ನಳಿಗೆ ಮರದಿಂದ ಎರಡು ಮೂರು ಇಂಚು ಆಚೆ ಬರಬೇಕು, ಹಿಂದಿನ ಗುರಿಕಣ್ಣು ಬೋಲ್ಟಿನ ಹತ್ತಿರ ಇರಬೇಕು. ಉತ್ತರ ಪ್ರದೇಶದ ಪೊಲೀಸರು 2020ರ ಗಣರಾಜ್ಯೋತ್ಸವದಲ್ಲಿ ತ್ರೀ ನಾಟ್ ತ್ರೀಗೆ ವಿದಾಯ ಹೇಳಿದರು. ಪತ್ರಿಕೆಯಲ್ಲಿ ಆ ಚಿತ್ರ ನೋಡಿ ನನಗೆ ನಿಜವಾಗಿ ಗಂಟಲು ಕಟ್ಟಿತ್ತು.

ನನ್ನ ಮತ: ಸಿಪಾಯಿಯ ರೂಪಕ್ಕೇ ತನ್ನಿ. ಅದು ಹುಟ್ಟಿದ್ದೇ ಹಾಗೆ.

ಲೇಕ್‌ಶೋರ್ ಮನೆ (ಶನಿವಾರ ಮಧ್ಯಾಹ್ನ)

ಲಾಂಗ್ ಬ್ರಾಂಚ್ ಅಂದರೆ ನಮ್ಮ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ! ನಾವು ಮಿಸ್ಸಿಸ್ಸಾಗಾದಲ್ಲಿ ಇರುವವರು. ಇಲ್ಲಿ ಎಷ್ಟೋ ಕನ್ನಡದ ಕುಟುಂಬಗಳಿವೆ, ಆ ಜಾಗದ ಕಥೆ ಮಾತ್ರ ಯಾರಿಗೂ ಗೊತ್ತಿಲ್ಲ. ಲೇಕ್‌ಶೋರ್ ರಸ್ತೆಯ ಆ ಕಾರ್ಖಾನೆಯ ಹೆಸರು ಸ್ಮಾಲ್ ಆರ್ಮ್ಸ್ ಲಿಮಿಟೆಡ್. 1940ರಲ್ಲಿ ಕಟ್ಟಲು ಶುರು ಮಾಡಿದರು, 1941ರಲ್ಲಿ ಮೊದಲ ರೈಫಲ್‌ಗಳು ಹೊರಬಂದವು. ಯುದ್ಧ ಮುಗಿಯುವ ಹೊತ್ತಿಗೆ 9 ಲಕ್ಷಕ್ಕೂ ಹೆಚ್ಚು ನಂಬರ್ 4 ಇಲ್ಲಿಂದ ಹೋಗಿದ್ದವು.

ಕೆಲಸ ಮಾಡಿದವರಲ್ಲಿ ಹೆಚ್ಚಿನವರು ಹೆಂಗಸರು. ಹಳ್ಳಿಗಳಿಂದ, ಬೇರೆ ಬೇರೆ ಪ್ರಾಂತ್ಯಗಳಿಂದ ಬಂದ ಹುಡುಗಿಯರು. ಹಾಸ್ಟೆಲಿನಲ್ಲಿದ್ದುಕೊಂಡು ಪಾಳಿಯ ಮೇಲೆ ಲೇತು ನಡೆಸಿದರು, ನಳಿಗೆ ಕೊರೆದರು, ಅಳತೆ ನೋಡಿದರು. ಕಾರ್ಖಾನೆ ಈಗಿಲ್ಲ. ರೈಫಲ್‌ಗಳನ್ನು ಪರೀಕ್ಷೆ ಮಾಡುತ್ತಿದ್ದ ಕಟ್ಟಡ ಮಾತ್ರ ಉಳಿದಿದೆ. ಅದನ್ನೂ ಕೆಡವಬೇಕು ಅಂತಿದ್ದಾಗ ಊರಿನವರು ಹಿಡಿದು ಉಳಿಸಿಕೊಂಡರು. ಈಗ ಅಲ್ಲಿ ಕಲಾಕೇಂದ್ರ ಇದೆ. ಮಕ್ಕಳನ್ನು ಚಿತ್ರ ಬಿಡಿಸೋಕೆ ಕರೆದುಕೊಂಡು ಹೋಗುತ್ತೇನೆ.

ನನಗೆ ಕೋವಿಯ ಬಗ್ಗೆ ಏನೂ ತಿಳಿಯದು. ಆದರೆ ಎಡಪಕ್ಕದ ಆ ಹೆಸರು, ವರ್ಷ ಮಾತ್ರ ಅಳಿಸಿ ಹೋಗದ ಹಾಗೆ ನೋಡಿಕೊಳ್ಳಿ. ಅದು ಆ ಹುಡುಗಿಯರ ಸಹಿ ಇದ್ದ ಹಾಗೆ.

ಹಳೇ ಉಕ್ಕು (ಶನಿವಾರ ಮಧ್ಯಾಹ್ನ)

ಅಕ್ಕ ಹೇಳಿದ್ದು ಬಹಳ ಮುಖ್ಯ. ಹೊಳಪು ಕೊಡುವವರು ಮೊದಲು ಹಾಳು ಮಾಡುವುದು ಆ ಅಕ್ಷರಗಳನ್ನೇ. ಬಫ್ ಚಕ್ರಕ್ಕೆ ಕೊಟ್ಟರೆ ಅಂಚುಗಳೆಲ್ಲ ಸೋಪಿನ ಹಾಗೆ ಕರಗುತ್ತವೆ. ಇಂಗ್ಲಿಷಿನ ಸಿ ಅಕ್ಷರದ ಒಳಗೆ ಬಾಣ ಇರುವ ಸಣ್ಣ ಗುರುತು ಎಲ್ಲಾದರೂ ಕಂಡರೆ ಅದು ಕೆನಡಾ ಸರ್ಕಾರದ ಸ್ವತ್ತು ಅನ್ನುವ ಮುದ್ರೆ. ಅದನ್ನೂ ಕಾಪಾಡಿ.

ಗ್ರೇಟ್ ಲೇಕ್ಸ್ ಕನ್ನಡಿಗ (ಶನಿವಾರ ಸಂಜೆ)

ಮಿಷಿಗನ್‌ನಿಂದ ಬರೆಯುತ್ತಿದ್ದೇನೆ. ಚೆಂದ, ಬೆಲೆ ಎಲ್ಲ ಆಮೇಲೆ, ಮೊದಲು ಸುರಕ್ಷೆ ನೋಡಿ. ನನ್ನ ಅನುಭವ ಕೇಳಿ.

ನಾನು ಕೊಂಡಿದ್ದು ಅಮೆರಿಕದ 1903 ಸ್ಪ್ರಿಂಗ್‌ಫೀಲ್ಡ್ ರೈಫಲ್. ಅದೂ ಬೇಟೆಗೆ ತಿದ್ದಿದ್ದೇ. ವಾಲ್‌ನಟ್ ಹಿಡಿ, ಕೈಯಲ್ಲಿ ಕೊರೆದ ಚೌಕುಳಿ, ನೋಡೋಕೆ ಎರಡು ಕಣ್ಣು ಸಾಲದು. ಮನೆಗೆ ತಂದು ನಂಬರ್ ನೋಡಿದೆ. ರಾಕ್ ಐಲ್ಯಾಂಡ್ ಆರ್ಸೆನಲ್‌ನಲ್ಲಿ ಮಾಡಿದ್ದು, ನಂಬರ್ 2,85,507ಕ್ಕಿಂತ ಕಡಿಮೆ. ಸ್ಪ್ರಿಂಗ್‌ಫೀಲ್ಡ್ ಆರ್ಮರಿಯಲ್ಲೇ ಮಾಡಿದ್ದರೆ ಆ ಗಡಿ 8,00,000. ಅದಕ್ಕಿಂತ ಹಳೆಯ ರೈಫಲ್‌ಗಳಲ್ಲಿ ಉಕ್ಕು ಕಾಯಿಸಿದ ಹದವನ್ನು ಕೆಲಸಗಾರರು ಬಣ್ಣ ನೋಡಿ ಕಣ್ಣಂದಾಜಿನಲ್ಲೇ ತೀರ್ಮಾನಿಸುತ್ತಿದ್ದರು. ಬಿಸಿಲಿದ್ದ ದಿನ ಒಂದು ಬಣ್ಣ ಕಾಣುತ್ತದೆ, ಮೋಡ ಇದ್ದ ದಿನ ಇನ್ನೊಂದು. ಕೆಲವು ಜಾಸ್ತಿ ಕಾದು ಪೆಡಸಾದವು. 1917ರಲ್ಲಿ ಕೆಲವು ಒಡೆದ ಮೇಲೆ ಹದ ಹಾಕುವ ಕ್ರಮವನ್ನೇ ಬದಲಾಯಿಸಿದರು. ಯಾವುದು ಗಟ್ಟಿ, ಯಾವುದು ಪೆಡಸು ಅಂತ ಹೊರಗಿನಿಂದ ನೋಡಿ ಹೇಳೋಕೆ ಆಗಲ್ಲ.

ನನ್ನದನ್ನು ಒಂದು ಸಲವೂ ಹೊಡೆದಿಲ್ಲ. ಗೋಡೆ ಮೇಲಿದೆ. ಅದಕ್ಕೆ ಹೊಸ ನಳಿಗೆ ಹಾಕಿಸೋಣ ಅಂದುಕೊಂಡಿದ್ದೆ, ಆ ಯೋಚನೆ ಅಲ್ಲಿಗೇ ಬಿಟ್ಟೆ. ಎನ್‌ಫೀಲ್ಡಿಗೆ ಈ ತೊಂದರೆ ಇಲ್ಲ. ಆದರೂ ಹೆಡ್‌ಸ್ಪೇಸ್, ಅಂದರೆ ಮುಚ್ಚಿದ ಬೋಲ್ಟಿನ ಮುಖಕ್ಕೂ ತೋಟೆಯ ಅಂಚು ಕೂರುವ ಜಾಗಕ್ಕೂ ನಡುವಿನ ಅಂತರ, ನೋಡಿಸದೆ ಒಂದು ತೋಟೆಯನ್ನೂ ಹೊಡೆಯಬೇಡಿ.

ಮತ್ತೆ, ತಿದ್ದಿದ ಕೋವಿ ಅಂದರೆ ಕೆಟ್ಟ ಕೋವಿ ಅಂತ ಅಂದುಕೊಳ್ಳಬೇಡಿ. ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್‌ಗೆ ಸ್ಪ್ರಿಂಗ್‌ಫೀಲ್ಡ್ ಆರ್ಮರಿಯೇ 1903 ರೈಫಲನ್ನು ಬೇಟೆಯ ರೂಪದಲ್ಲಿ ಮಾಡಿಕೊಟ್ಟಿತ್ತು. 1909ರಲ್ಲಿ ಅವರು ಅದನ್ನು ಆಫ್ರಿಕಾಕ್ಕೆ ತೆಗೆದುಕೊಂಡು ಹೋದರು. ನ್ಯೂಯಾರ್ಕಿನ ಗ್ರಿಫಿನ್ ಅಂಡ್ ಹೌ ಮಾಡಿದ ತಿದ್ದುಪಡಿಗಳಿಗೆ ಮೂಲ ಮಿಲಿಟರಿ ರೈಫಲಿಗಿಂತ ಹೆಚ್ಚು ಬೆಲೆ ಇದೆ. ಅಂಥದ್ದನ್ನು ಯಾರಾದರೂ ‘ಮೂಲ ರೂಪಕ್ಕೆ’ ತಂದರೆ ಎದೆ ಒಡೆದು ಹೋಗುತ್ತದೆ.

ನಾಲ್ಕುನಾಡು (ಭಾನುವಾರ ಬೆಳಿಗ್ಗೆ)

ಕೊಡಗಿನಿಂದ. ಊರಲ್ಲಿರುವ ಓದುಗರಿಗೆ ಮೊದಲು ಒಂದು ಮಾತು. ಇಲ್ಲಿ ಬರೆದಿರುವ ಯಾವುದನ್ನೂ ಭಾರತದಲ್ಲಿ ಮನೆಯಲ್ಲಿ ಮಾಡಲು ಹೋಗಬೇಡಿ. .303 ನಮ್ಮಲ್ಲಿ ನಿಷೇಧಿತ ಬೋರ್, ಅಂದರೆ ಸಾಮಾನ್ಯರು ಇಟ್ಟುಕೊಳ್ಳುವಂತಿಲ್ಲದ ನಳಿಗೆಯ ಅಳತೆ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಕೋವಿಯ ನಳಿಗೆ ಮೊಟಕು ಮಾಡುವುದಕ್ಕೇ ಬೇರೆ ಪರವಾನಗಿ ಬೇಕು. ಕೊಡವರಿಗೆ, ಜಮ್ಮಾ (ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೆ ಕೋವಿ ಇಟ್ಟುಕೊಳ್ಳಲು ಇರುವ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದಿದ್ದು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ತನಕ ಮುಂದುವರಿಸಿದೆ. ಅದು ಇಟ್ಟುಕೊಳ್ಳುವುದಕ್ಕೆ, ಮನಸ್ಸಿಗೆ ಬಂದ ಹಾಗೆ ಕತ್ತರಿಸುವುದಕ್ಕಲ್ಲ. ಬೇಟೆಯಂತೂ 1972ರ ವನ್ಯಜೀವಿ ಕಾಯ್ದೆಯಿಂದ ನಿಂತೇ ಹೋಗಿದೆ.

ಇನ್ನು ನಿಮ್ಮ ಪ್ರಶ್ನೆಗೆ. ನಮ್ಮ ಐನ್‌ಮನೆಯಲ್ಲಿ ಒಂದು ಜೋಡುನಳಿಗೆ ತೋಟೆ ಕೋವಿ ಇದೆ. ಸೆಪ್ಟೆಂಬರಿನಲ್ಲಿ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್ ದಿನ ಅದನ್ನು ತೊಳೆದು ಒರೆಸಿ ದೇವರ ಮುಂದೆ ಇಟ್ಟು, ಮೂತಿಗೆ ತೋಕ್ ಪೂ (ಕೋವಿ ಹೂವು) ಸಿಕ್ಕಿಸುತ್ತೇವೆ. ಅದರ ಹಿಡಿ ನನ್ನ ಅಜ್ಜನ ಕಾಲದಲ್ಲಿ ಮುರಿದಿತ್ತು. ಆಚಾರಿ ಬೀಟೆ ಮರದಲ್ಲಿ ಹೊಸದು ಮಾಡಿಕೊಟ್ಟ. ಮೂಲದ ಬಣ್ಣಕ್ಕೂ ಅದಕ್ಕೂ ಸಂಬಂಧ ಇಲ್ಲ, ಕಪ್ಪಗಿದೆ. ಹೊರಗಿನವರೊಬ್ಬರು ಬಂದು ‘ಇಂಗ್ಲೆಂಡಿನಿಂದ ವಾಲ್‌ನಟ್ ತರಿಸಿ ಹಾಕಿ’ ಅಂದರು. ದೊಡ್ಡಪ್ಪ ಒಪ್ಪಲಿಲ್ಲ. ಆ ಕೋವಿ ಒಕ್ಕದ್ದು (ಮನೆತನದ್ದು), ಕಪ್ಪು ಹಿಡಿಯೂ ಒಕ್ಕದ್ದೇ ಅಂದರು.

ಮರ ಕತ್ತರಿಸಿದವರ ಮಗ ಇನ್ನೂ ಇದ್ದಾರೆ ಅಲ್ವಾ? ನಮ್ಮನ್ನು ಕೇಳುವ ಮೊದಲು ಅವರನ್ನು ಕೇಳಿ.

ಸಕಲೇಶಪುರದವನು (ಭಾನುವಾರ ಸಂಜೆ)

ಎಲ್ಲರಿಗೂ ಧನ್ಯವಾದ. ಇವತ್ತು ಅಳೆದೆ. ನಳಿಗೆಯನ್ನೂ ಕತ್ತರಿಸಿದ್ದಾರೆ ಅಂತಲೇ ನಾನು ಅಂದುಕೊಂಡಿದ್ದೆ, ಮರ ಮೊಟಕಾಗಿರುವುದರಿಂದ ಹಾಗೆ ಕಾಣುತ್ತಿತ್ತು. ಕಡ್ಡಿ ಇಳಿಸಿ ನೋಡಿದರೆ ಸರಿಯಾಗಿ 25 ಇಂಚು, ಮೇಲೊಂದು ನೂಲು! ಬಯೊನೆಟ್ಟಿನ ಉಬ್ಬುಗಳೂ ಹಾಗೇ ಇವೆ. ಮೇಲೆ ಎಲ್ಲೂ ತೂತಿಲ್ಲ. ಹಳಿಯ ಕಚ್ಚಿಗೆ ಉಗುರು ಆಡಿಸಿ ನೋಡಿದೆ, ಅಂಚು ಚೂಪಾಗಿದೆ.

ಬೋಲ್ಟಿನ ನಂಬರ್ ಮಾತ್ರ ಬೇರೆ. ಕೊನೆಯ ನಾಲ್ಕು ಅಂಕಿಗಳೂ ಕೂಡುವುದಿಲ್ಲ.

ಕುದುರೆಯ (ಟ್ರಿಗರ್) ಮೇಲ್ಗಡೆ, ಉಕ್ಕು ಮರಕ್ಕೆ ಒರಗುವ ಜಾಗದಲ್ಲಿ ಕೂದಲೆಳೆಯಂಥ ಬಿರುಕು ಕಾಣುತ್ತಿದೆ. ಇದು ತೊಂದರೆನಾ?

ನಾಲ್ಕುನಾಡು ಅವರೇ, ನಿಮ್ಮ ಮಾತು ಮನಸ್ಸಿಗೆ ನಾಟಿತು. ನಮ್ಮ ತಾತನ ಕೇಪಿನ ಕೋವಿಯ ಹಿಡಿಗೂ ಆಚಾರಿ ಹಿತ್ತಾಳೆ ಪಟ್ಟಿ ಸುತ್ತಿ ಮೊಳೆ ಹೊಡೆದಿದ್ದ. ಅದು ಹಾಳಾಗಿದೆ ಅಂತ ಮನೆಯಲ್ಲಿ ಯಾರೂ ಅಂದದ್ದು ನೆನಪಿಲ್ಲ. ನಾಳೆ ಹಿರಿಯರ ಹತ್ತಿರ ಹೋಗುತ್ತೇನೆ.

ಹಳೇ ಉಕ್ಕು (ಭಾನುವಾರ ಸಂಜೆ)

ನಳಿಗೆ ಪೂರ್ತಿ ಇದೆ, ತೂತಿಲ್ಲ. ಹಾಗಾದರೆ ನನ್ನ ಉತ್ತರ ಸ್ಪಷ್ಟ. ಇದು ತಿರುಗಿ ಬರುವ ಕೋವಿ. ಇಂಥದ್ದು ದಿನಾ ಸಿಗಲ್ಲ. ಹೆಚ್ಚಿನವರು ನಳಿಗೆಯನ್ನೂ ಮೂರು ಇಂಚು ಕೊಯ್ದು ಹಾಕಿರುತ್ತಾರೆ. ಮುಂದಿನ ಮರ, ಮೇಲಿನ ಎರಡು ಮುಚ್ಚಳ, ಮೂರು ಕಬ್ಬಿಣದ ಪಟ್ಟಿ, ಮುಂಗಣ್ಣಿನ ಎರಡು ಕಿವಿ ಇರುವ ರಕ್ಷೆ, ಇಷ್ಟೇ ಬೇಕು. ಬೋಲ್ಟ್ ಬೇರೆ ಅನ್ನುವುದು ಬೇಜಾರು, ಬೆಲೆ ಇಳಿಯುತ್ತದೆ. ಆದರೂ ಮಾಡುವುದು ಸರಿ ಅಂತಲೇ ನನ್ನ ನಂಬಿಕೆ.

ಪ್ರೇರಿ ಗಾಳಿ (ಭಾನುವಾರ ರಾತ್ರಿ)

ತೂತಿಲ್ಲ, ನಳಿಗೆ ಪೂರ್ತಿ ಇದೆ ಅಂದ ಮೇಲೆ ಕೊರೆಸಿ ಅಂದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಕೊರೆಯದೆ ಕೂರುವ ಮೌಂಟ್‌ಗಳಿವೆ. ಹಿಂದಿನ ಗುರಿಕಣ್ಣನ್ನು ಬಿಚ್ಚಿ ಆ ಜಾಗಕ್ಕೆ ತಿರುಪು ಹಾಕಿ ಕೂರಿಸುತ್ತಾರೆ. ಬೇಡ ಅನಿಸಿದರೆ ಬಿಚ್ಚಬಹುದು. ನಿಮ್ಮ ಕಣ್ಣು ಚೆನ್ನಾಗಿದ್ದರೆ ಅದೂ ಬೇಡ. ನಂಬರ್ 4ರ ತೂತುಗಣ್ಣು (ತೂತಿನ ಮೂಲಕ ನೋಡುವ ಹಿಂದಿನ ಗುರಿಕಣ್ಣು) ನೂರು ಗಜದೊಳಗೆ ಬಹಳ ಒಳ್ಳೆಯದು. ಉತ್ತರ ಧ್ರುವದ ಕಡೆ ಕೆನಡಿಯನ್ ರೇಂಜರ್‌ಗಳು (ಸೈನ್ಯದ ಮೀಸಲು ಪಡೆಯವರು) ಇದೇ ನಂಬರ್ 4ನ್ನು 1940ರ ದಶಕದ ಕೊನೆಯಿಂದ ಮೊನ್ನೆಮೊನ್ನೆಯ ತನಕ ಹೊತ್ತು ತಿರುಗಿದರು. ಆ ಚಳಿಯಲ್ಲಿ, ಹಿಮಕರಡಿ ಇರುವ ಜಾಗದಲ್ಲಿ. ಅದರ ಬದಲಿಗೆ ಸಿ19 ರೈಫಲ್ ಬಂದಿದ್ದು ಇತ್ತೀಚೆಗೆ.

ಮರಗೆಲಸ (ಸೋಮವಾರ ಬೆಳಿಗ್ಗೆ)

ಬಿರುಕಿನ ಬಗ್ಗೆ ಯಾರೂ ಉತ್ತರಿಸಿಲ್ಲ. ನಾನು ಉಡುಪಿ ಕಡೆಯವನು, ಕ್ಯಾಲ್ಗರಿಯಲ್ಲಿ ಮರಗೆಲಸ ಮಾಡುತ್ತೇನೆ. ನಾಲ್ಕೈದು ಎನ್‌ಫೀಲ್ಡ್ ಹಿಡಿ ಸರಿ ಮಾಡಿದ್ದೇನೆ.

ಹೌದು, ಅದು ತೊಂದರೆಯೇ. ಗುಂಡು ಹಾರಿದಾಗ ಹಿಂದಕ್ಕೆ ಒದೆಯುವ ಭಾರವನ್ನೆಲ್ಲ ಮರದ ಒಳಗಿನ ಎರಡು ಸಣ್ಣ ಗೋಡೆಗಳು ತಡೆಯುತ್ತವೆ. ಉಕ್ಕು ಅವಕ್ಕೆ ಎರಡೂ ಕಡೆ ಒಂದೇ ಸಮ ಒರಗಿ ಕೂರಬೇಕು. ಎಪ್ಪತ್ತು ವರ್ಷ ಎಣ್ಣೆ ಕುಡಿದು, ಒಣಗಿ, ಮರ ಕುಗ್ಗಿರುತ್ತದೆ. ಒಂದು ಕಡೆ ಸಡಿಲವಾದರೆ ಇನ್ನೊಂದು ಕಡೆಗೆ ಪೂರ್ತಿ ಏಟು ಬೀಳುತ್ತದೆ. ಆಗ ಸೀಳುವುದು ಅಲ್ಲೇ. ಹೀಗೇ ಹೊಡೆಯುತ್ತಾ ಹೋದರೆ ಬಿರುಕು ಹಿಂದಿನ ತುದಿಯವರೆಗೆ ಓಡುತ್ತದೆ.

ಮಾಡಬೇಕಾದ್ದು: ಮರ ಬಿಚ್ಚಿ, ಆ ಜಾಗದ ಎಣ್ಣೆಯನ್ನು ಅಸಿಟೋನಿನಿಂದ ಎಳೆದು ತೆಗೆಯಿರಿ. ಬಿರುಕಿಗೆ ತೆಳು ಎಪಾಕ್ಸಿ ಇಳಿಸಿ, ಬಟ್ಟೆ ಸುತ್ತಿ ಬಿಗಿದು ಒಂದು ದಿನ ಬಿಡಿ. ಸವೆದ ಗೋಡೆಗೆ ಗಟ್ಟಿ ಮರದ ಚೂರು ಕೂರಿಸಿ, ಮಸಿ ಹಚ್ಚಿ ಉಕ್ಕು ಕೂರಿಸಿ ತೆಗೆದು, ಎರಡೂ ಕಡೆ ಮಸಿ ಸಮನಾಗಿ ತಾಗುವ ತನಕ ಸವರಿ. ಇದು ಆತುರದ ಕೆಲಸ ಅಲ್ಲ. ನನಗೆ ಒಂದು ಹಿಡಿಗೆ ಎರಡು ಭಾನುವಾರ ಹಿಡಿದಿದೆ.

ಉದ್ದ ಮರ ಬೇಕು ಅಂತಾದರೆ ಎರಡು ದಾರಿ. ಹಳೆಯ ಪೂರ್ತಿ ಸೆಟ್ ಹುಡುಕುವುದು ಒಂದು. ಇದ್ದ ಮರಕ್ಕೇ ಮುಂದಿನ ತುಂಡು ಬೆಸೆಯುವುದು ಇನ್ನೊಂದು, ಸಂದು ಕಬ್ಬಿಣದ ಪಟ್ಟಿಯ ಕೆಳಗೆ ಮುಚ್ಚಿಹೋಗುತ್ತದೆ. ಲಾಂಗ್ ಬ್ರಾಂಚಿನವರು ವಾಲ್‌ನಟ್ ಜೊತೆ ಬರ್ಚ್, ಮೇಪಲ್ ಕೂಡ ಬಳಸಿದ್ದಾರೆ. ನಿಮ್ಮದು ಯಾವುದು ಅಂತ ಮೊದಲು ನೋಡಿ. ಆದರೆ ಗೊತ್ತಿರಲಿ, ಪೂರ್ತಿ ಮರ ಹಾಕಿದರೆ ಮೂತಿಯ ಹತ್ತಿರ ಮರ ನಳಿಗೆಯನ್ನು ಕೆಳಗಿನಿಂದ ಕೆಲವು ಪೌಂಡಿನಷ್ಟು ಮೇಲಕ್ಕೆ ಒತ್ತಬೇಕು. ಆ ಒತ್ತಡ ಸರಿ ಇಲ್ಲದಿದ್ದರೆ ಗುರಿ ಅಲೆದಾಡುತ್ತದೆ. ನೋಡೋಕೆ ಮಿಲಿಟರಿ, ಹೊಡೆದರೆ ಎಲ್ಲೆಲ್ಲೋ ಅನ್ನುವ ಹಾಗೆ ಆಗುವುದು ಇದೇ ಕಾರಣಕ್ಕೆ.

ವಾರ್ನಿಷ್ ಮುಟ್ಟಲೇಬೇಡಿ. ಹಸಿ ಅಗಸೆ ಎಣ್ಣೆ, ಅಂಗೈಯಲ್ಲಿ ಬಿಸಿಯಾಗುವ ತನಕ ಉಜ್ಜಿ. ಅಷ್ಟೇ.

ಸಕಲೇಶಪುರದವನು (ಬುಧವಾರ ರಾತ್ರಿ)

ಎರಡು ಸುದ್ದಿ.

ಮೊದಲನೆಯದು, ಕೋವಿ ರಿಪೇರಿಯವರ ಹತ್ತಿರ ತೋರಿಸಿದೆ. ಗೇಜ್ ಹಾಕಿ ನೋಡಿದರು. ಮಿಲಿಟರಿ ಲೆಕ್ಕದಲ್ಲಿ ಹೆಡ್‌ಸ್ಪೇಸ್ 0.064 ಇಂಚಿನಿಂದ 0.074 ಇಂಚಿನ ಒಳಗೆ ಇರಬೇಕು. 0.074ರ ಗೇಜ್ ಇಟ್ಟಾಗ ಬೋಲ್ಟ್ ಮುಚ್ಚಬಾರದು. ನನ್ನದರಲ್ಲಿ ಸಲೀಸಾಗಿ ಮುಚ್ಚಿತು. ಬೋಲ್ಟಿನ ನಂಬರ್ ಕೂಡದಿರುವುದೇ, ಅಂದರೆ ಬೇರೆ ಬೋಲ್ಟ್ ಹಾಕಿರುವುದೇ, ಇದಕ್ಕೆ ಕಾರಣ ಇರಬಹುದು ಅಂದರು. ಒಳ್ಳೆಯದು ಏನಂದರೆ ನಂಬರ್ 4ರಲ್ಲಿ ಬೋಲ್ಟಿನ ತಲೆ ತಿರುಪಿನದು. 0, 1, 2, 3 ಅಂತ ನಾಲ್ಕು ಅಳತೆ, ಒಂದಕ್ಕಿಂತ ಒಂದು ಸುಮಾರು ಮೂರು ಸಾವಿರದ ಒಂದಂಶ ಇಂಚು ಉದ್ದ. ನನ್ನದರಲ್ಲಿ 1 ಇತ್ತು. ಅವರ ಡಬ್ಬಿಯಲ್ಲಿದ್ದ 3ನ್ನು ಹಾಕಿದರು. ಈಗ ಗೇಜ್ ನಿಲ್ಲುತ್ತದೆ. ಮಿಷಿಗನ್ ಅವರೇ, ನೀವು ಹೇಳದಿದ್ದರೆ ನಾನು ಸುಮ್ನೆ ರೇಂಜಿಗೆ ಹೋಗಿಬಿಡುತ್ತಿದ್ದೆ.

ಎರಡನೆಯದು. ಹಿರಿಯರ ಮನೆಗೆ ಹೋಗಿದ್ದೆ. ಕೋವಿಯನ್ನೂ ತೆಗೆದುಕೊಂಡು ಹೋಗಿದ್ದೆ. ಮಿಲಿಟರಿ ರೂಪಕ್ಕೆ ತರೋಣವಾ ಅಂತ ಕೇಳಿದೆ. ನಿನ್ನದು, ನಿನಗೆ ಬಿಟ್ಟಿದ್ದು ಅಂದರು. ಆಮೇಲೆ ಮೊಂಡು ತುದಿಯ ಮೇಲೆ ಹೆಬ್ಬೆರಳು ಇಟ್ಟರು. ಅದು ವಾಲಿರುವ ಕಡೆ ಬೆರಳು ಸರಿಯಾಗಿ ಕೂತಿತು.

ಅಪ್ಪ ಇದನ್ನು ಕತ್ತರಿಸಿದ್ದು ಚಳಿಗಾಲದಲ್ಲಿ, ಅಡುಗೆಮನೆಯ ಮೇಜಿನ ಮೇಲೆ. ಆಗ ಇವರಿಗೆ ಹನ್ನೊಂದು ವರ್ಷ. ಮರದ ಆಚೆ ತುದಿ ಅಲುಗಾಡದ ಹಾಗೆ ಹಿಡಿದುಕೋ ಅಂತ ಅಪ್ಪ ಹೇಳಿದ್ದರಂತೆ. ಗರಗಸ ಅರ್ಧ ಇಳಿದಾಗ ಅಮ್ಮ ಒಲೆಯ ಹತ್ತಿರದಿಂದ ಏನೋ ಕರೆದರು. ಇವರು ತಿರುಗಿದರು. ಕೈ ಸರಿಯಿತು, ಗರಗಸ ವಾಲಿತು. ಬೈತಾರೆ ಅಂತ ಉಸಿರು ಹಿಡಿದು ನಿಂತಿದ್ದರಂತೆ. ಅಪ್ಪ ಬೈಯಲಿಲ್ಲ. ಅರ ಕೊಟ್ಟು, ನೀನೇ ಗುಂಡಗೆ ಮಾಡು ಅಂದರು.

ಆ ಅರದ ಗೀರುಗಳು ಇವರವು.

ಮೊದಲ ದಿನ ನಾನು ಇಲ್ಲಿ ಅದನ್ನು ಒಂದು ದೋಷ ಅಂತ ಬರೆದಿದ್ದೆ.

ನಾಲ್ಕುನಾಡು (ಬುಧವಾರ ರಾತ್ರಿ)

ಇದನ್ನು ಬರೆದು ತಿಳಿಸಿದ್ದಕ್ಕೆ ಧನ್ಯವಾದ. ಮನೆಯವರಿಗೆಲ್ಲ ಓದಿ ಹೇಳಿದೆ.

ಕೆಡೆಟ್ ಧಾರವಾಡ (ಗುರುವಾರ ಬೆಳಿಗ್ಗೆ)

ಸಿಪಾಯಿಯ ರೂಪಕ್ಕೆ ತನ್ನಿ ಅಂದವನು ನಾನೇ. ಆದರೆ ಲೆಕ್ಕ ಹಾಕಿ ನೋಡಿದೆ. ಅದು ಸೈನ್ಯದಲ್ಲಿ ಇದ್ದದ್ದು ಹೆಚ್ಚೆಂದರೆ ಏಳೆಂಟು ವರ್ಷ. ಆ ಮನೆಯಲ್ಲಿ ಇದ್ದದ್ದು ಎಪ್ಪತ್ತು ವರ್ಷ. ಅದನ್ನು ಯಾರ ಕೋವಿ ಅನ್ನಬೇಕು ಅಂತ ನನಗೀಗ ಮೊದಲಿನಷ್ಟು ಖಚಿತವಾಗಿ ಹೇಳೋಕೆ ಆಗುತ್ತಿಲ್ಲ.

ಹಳೇ ಉಕ್ಕು (ಗುರುವಾರ ಬೆಳಿಗ್ಗೆ)

ಕಥೆ ಓದಿ ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಆದರೂ ನನ್ನ ಮಾತು ಪೂರ್ತಿ ಬಿಡುವುದಿಲ್ಲ. ವರ್ಷದಿಂದ ವರ್ಷಕ್ಕೆ ಪೂರ್ತಿ ಇರುವ ಲಾಂಗ್ ಬ್ರಾಂಚ್‌ಗಳು ಕಡಿಮೆಯಾಗುತ್ತಿವೆ. ಮುಂದೆ ಒಂದು ದಿನ ಲೇಕ್‌ಶೋರ್ ಅಕ್ಕನ ಮಕ್ಕಳು ಆ ಹುಡುಗಿಯರು ಮಾಡಿದ್ದು ಹೇಗಿತ್ತು ಅಂತ ಕೇಳಿದರೆ ತೋರಿಸಲು ಪೂರ್ತಿಯಾದದ್ದು ಇರಬೇಕು.

ನನ್ನ ಸಲಹೆ ಇದು. ಉಕ್ಕಿಗೆ ಏನೂ ಮಾಡಬೇಡಿ. ಯಾವತ್ತಾದರೂ ಒಳ್ಳೆಯ ಉದ್ದ ಮರದ ಸೆಟ್ ಸಿಕ್ಕರೆ ಕೊಂಡು ಇಟ್ಟುಕೊಳ್ಳಿ. ಹಿರಿಯರ ಮೊಂಡು ಮರವನ್ನು ಎಂದೂ ಬೆಸೆಯಬೇಡಿ, ಸವರಬೇಡಿ, ಮಾರಬೇಡಿ. ಕೆಲವು ತಿರುಪು ಬಿಚ್ಚಿದರೆ ಒಂದನ್ನು ತೆಗೆದು ಇನ್ನೊಂದನ್ನು ಹಾಕಬಹುದು. ಹಳೆಯ 1 ನಂಬರಿನ ಬೋಲ್ಟ್ ತಲೆಯನ್ನೂ ಎಸೆಯದೆ ಚೀಟಿ ಕಟ್ಟಿ ಇಡಿ.

ಮರಗೆಲಸ (ಗುರುವಾರ ಸಂಜೆ)

ಬೆಸೆಯುವ ದಾರಿ ಹೇಳಿದ್ದೆ, ಅದನ್ನು ಮರೆತುಬಿಡಿ. ಬೆಸೆಯಬೇಕಾದರೆ ಆ ತುದಿಯನ್ನು ಕೊಯ್ದು ಚೌಕ ಮಾಡಬೇಕಾಗುತ್ತದೆ. ಅರದ ಗೀರುಗಳೇ ಹೋಗುತ್ತವೆ. ಒಳಗಿನ ಬಿರುಕು ಮಾತ್ರ ಸರಿ ಮಾಡಿಸಿ. ಅದು ಅವರ ಗುರುತನ್ನು ಉಳಿಸುವ ಕೆಲಸವೇ. ಎಣ್ಣೆ ಹಚ್ಚುವಾಗ ತುದಿಗೆ ಮರಳು ಕಾಗದ ಬೇಡ, ಬಟ್ಟೆ ಮಾತ್ರ.

ಸಕಲೇಶಪುರದವನು (ಎರಡು ವಾರದ ನಂತರ, ಭಾನುವಾರ)

ಬಿರುಕಿನ ಕೆಲಸ ಮುಗಿಯಿತು. ಮರಗೆಲಸದವರು ಹೇಳಿದ ಹಾಗೇ ಮಾಡಿದೆ. ಮಸಿ ಎರಡೂ ಕಡೆ ಸಮನಾಗಿ ತಾಗೋಕೆ ಹದಿನಾರು ಸಲ ಕೂರಿಸಿ ತೆಗೆಯಬೇಕಾಯಿತು. ಮರ ವಾಲ್‌ನಟ್ ಅಲ್ಲ, ಬರ್ಚ್. ಎಣ್ಣೆ ಕುಡಿದ ಮೇಲೆ ಜೋನಿಬೆಲ್ಲದ ಬಣ್ಣ ಬಂದಿದೆ.

ನಿನ್ನೆ ರೇಂಜಿನಲ್ಲಿ ಹೊಸ ತೋಟೆಗಳನ್ನೇ ಹಾಕಿ ಹೊಡೆದೆ, 180 ಗ್ರೇನಿನ ಮೆತ್ತನೆ ಮೂತಿಯ ಗುಂಡು. ಹಿರಿಯರು ಒಂದು ಡಬ್ಬಿ ಹಳೆಯ ಮಿಲಿಟರಿ ತೋಟೆಯನ್ನೂ ಕೊಟ್ಟಿದ್ದರು. ಅದರ ಕೇಪಿನ ಉಪ್ಪು ನಳಿಗೆಗೆ ತುಕ್ಕು ತರುತ್ತದೆ ಅಂತ ಓದಿದ್ದೆ, ಅದನ್ನು ಬಳಸಲಿಲ್ಲ. ನೂರು ಗಜದಲ್ಲಿ ಐದು ಗುಂಡು, ಅಂಗೈ ಅಗಲದೊಳಗೆ. ತೂತುಗಣ್ಣೇ ಸಾಕು, ದೂರದರ್ಶಕ ಹಾಕಿಸುವುದಿಲ್ಲ. ಉದ್ದ ಮರ ಈಗಲೇ ಹುಡುಕುವುದೂ ಇಲ್ಲ. ಈ ನವೆಂಬರಿನಲ್ಲಿ ಇದನ್ನು ಹೀಗೇ ಹಿಡಿದು ಹೋಗುತ್ತೇನೆ.

ಬುಡದ ಹಿತ್ತಾಳೆ ತಗಡಿನಲ್ಲಿ ಒಂದು ಸಣ್ಣ ಬಾಗಿಲಿದೆ, ಸಿಪಾಯಿಗಳು ಎಣ್ಣೆ ಶೀಶೆ, ಶುಚಿ ಮಾಡುವ ಹಗ್ಗ ಇಡುತ್ತಿದ್ದದ್ದು. ಅದರೊಳಗೆ ಒಂದು ಚೀಟಿ ಇಡಬೇಕು ಅಂತಿದ್ದೇನೆ. ಎಲ್ಲಿ ಮಾಡಿದ್ದು, ಯಾರು ಕೊಂಡರು, ಯಾರು ಕತ್ತರಿಸಿದರು, ಯಾರು ಆಚೆ ತುದಿ ಹಿಡಿದಿದ್ದರು, ಬೋಲ್ಟ್ ತಲೆ ಯಾವಾಗ ಬದಲಾಯಿತು, ಎಲ್ಲ ಬರೆದು. ಹಿರಿಯರೂ ಅದರಲ್ಲಿ ಎರಡು ಸಾಲು ಬರೆಯುತ್ತೇನೆ ಅಂದಿದ್ದಾರೆ.

ಲೇಕ್‌ಶೋರ್ ಮನೆ (ಭಾನುವಾರ)

ಅವರನ್ನು ಒಂದು ಸಲ ಇಲ್ಲಿಗೆ ಕರೆದುಕೊಂಡು ಬನ್ನಿ. ಆ ಕಟ್ಟಡ ತೋರಿಸೋಣ. ಊಟ ನಮ್ಮ ಮನೆಯಲ್ಲಿ.

ಹಳೇ ಉಕ್ಕು (ಭಾನುವಾರ)

ಚೀಟಿಗೆ ಪೆನ್ನು ಬಳಸಬೇಡಿ. ಬುಡದೊಳಗೆ ಎಣ್ಣೆ ಇಳಿಯುತ್ತದೆ, ಮಸಿ ಹರಡಿ ಓದೋಕೆ ಆಗಲ್ಲ. ಇಬ್ಬರೂ ಪೆನ್ಸಿಲಿನಲ್ಲಿ ಬರೆಯಿರಿ.